ಯಾರ ತಲೆಗೂ ಏರದ ಪೇಟ

ಈ ಮೈಸೂರು ಪೇಟಕ್ಕೆ ನಾನು ಕೊಟ್ಟದ್ದು ಮುನ್ನೂರೈವತ್ತು ರೂಪಾಯಿ. ಅಂಗಡಿಯವನು ಕೇಳಿದ್ದು ಎಂಟುನೂರು. ಮುನ್ನೂರೈವತ್ತಕ್ಕೇ ಒಂದು ಶಾಲನ್ನೂ ಸೇರಿಸಿ ಕೊಟ್ಟ ಎಂದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿ ನಸೀಮಾ ಕೂಡ ನಂಬಿರಲಿಲ್ಲ. ಅಷ್ಟು ಅಗ್ಗಕ್ಕೆ ಸಿಗಲು ಕಾರಣವಿತ್ತು. ಯಾವನೋ ರಾಜಕಾರಣಿಯ ಸನ್ಮಾನಕ್ಕೆಂದು ಅಳತೆ ಕೊಟ್ಟು ಮಾಡಿಸಿದ ಪೇಟ ಅದು. ಸನ್ಮಾನದ ದಿನ ಬೆಳಿಗ್ಗೆ ಆತ ಪಕ್ಷ ಬದಲಿಸಿಬಿಟ್ಟ. ಮಾಡಿಸಿದವರು ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಆತನ ತಲೆ ದೊಡ್ಡದು, ಹಾಗಾಗಿ ಪೇಟವೂ ದೊಡ್ಡದು. ಮದುವೆ ಗಂಡುಗಳು ಇಟ್ಟುಕೊಂಡು ನೋಡಿದರೆ ಮೂಗಿನ ತನಕ ಇಳಿಯುತ್ತಿತ್ತಂತೆ. ಇಷ್ಟನ್ನೂ ಅಂಗಡಿಯವನ ಬಾಯಿಂದಲೇ ಹೊರಡಿಸಿದ ಮೇಲೆ ಬೆಲೆ ಇಳಿಸುವುದೇನು ಕಷ್ಟ? ಮಾರುವವನು ವಸ್ತುವಿನ ಕಥೆ ಹೇಳಲು ಶುರು ಮಾಡಿದನೆಂದರೆ ಅದು ಅವನಿಗೆ ಭಾರವಾಗಿದೆ ಎಂದೇ ಅರ್ಥ. ಬೇಕಾದರೆ ಬರೆದಿಟ್ಟುಕೊಳ್ಳಿ.

ಯಾಕೆ ಕೊಂಡೆ ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ: ಬೆಲೆ ಚೆನ್ನಾಗಿತ್ತು. ಇದನ್ನು ಇಡಲು ಒಂದು ತಲೆಯೂ ಬೇಕಲ್ಲ ಎಂಬ ಯೋಚನೆ ಬಂದದ್ದು ಅಮೆರಿಕದ ನ್ಯೂಅರ್ಕ್‌ನಲ್ಲಿ ವಿಮಾನ ಇಳಿದ ಮೇಲೆ.

ಮೊನ್ನೆ ಹಿಮ ಬಿದ್ದ ಬೆಳಿಗ್ಗೆ ಗ್ಲೋವ್ಸ್ ಹುಡುಕುತ್ತ ಬಟ್ಟೆಯ ಕ್ಲಾಸೆಟ್ಟಿನೊಳಗೆ ಕೈಯಾಡಿಸಿದಾಗ ಪೇಟ ಸಿಕ್ಕಿತು. ತನ್ನ ಪಾರದರ್ಶಕ ಡಬ್ಬಿಯೊಳಗೆ, ಯಾರೋ ಕರೆದು ಮರೆತ ನೆಂಟನ ಹಾಗೆ, ಗತ್ತಿನಿಂದ ಕೂತಿತ್ತು. ಜರಿ ಒಂಚೂರೂ ಮಾಸಿಲ್ಲ. ಮಾಸುವುದಾದರೂ ಹೇಗೆ? ಅದು ಹುಟ್ಟಿದಾಗಿನಿಂದ ಒಂದೇ ಒಂದು ಸಲ ಸರಿಯಾದ ತಲೆಯೊಂದರ ಹತ್ತಿರ ಹೋಗಿದೆ, ಅದೂ ಎರಡು ಇಂಚು ಮೇಲೆ ನಿಂತುಬಿಟ್ಟಿದೆ. ಆ ಎರಡು ಇಂಚು ದಾಟುವುದನ್ನು ತಡೆದದ್ದು ಅಮೆರಿಕದ ಪ್ರಜಾಪ್ರಭುತ್ವ ಎಂದು ನಾನು ಹೇಳಿದರೆ ನಸೀಮಾ ನಗುತ್ತಾಳೆ. ತಡೆದದ್ದು ಒಬ್ಬ ವಕೀಲೆ, ನಿಮಗೆ ಎಲ್ಲದಕ್ಕೂ ದೊಡ್ಡ ಮಾತು ಬೇಕು, ಎನ್ನುತ್ತಾಳೆ. ಎರಡೂ ಒಂದೇ ಎಂಬುದು ಅವಳಿಗೆ ಇನ್ನೂ ಹೊಳೆದಿಲ್ಲ.

ನನ್ನದು ಪೆಟ್ಟಿಗೆ ವ್ಯಾಪಾರ. ಮೈಸೂರಿನ ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಅಬ್ಬಾ ತಗಡಿನ ಟ್ರಂಕು ಮಾರುತ್ತಿದ್ದರು. ನಾನು ನ್ಯೂಜೆರ್ಸಿಯ ಇಸೆಲಿನ್‌ನಲ್ಲಿ ಚಕ್ರದ ಸೂಟ್‌ಕೇಸು ಮಾರುತ್ತೇನೆ. ನಡುವೆ ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲು ಹಾಕಿದ್ದು, ಇನ್ನೊಬ್ಬರ ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತದ್ದು, ಅದೆಲ್ಲ ಈಗ ಬೇಡ. ಊರಿಗೆ ಹೋಗುವ ಪ್ರತಿಯೊಬ್ಬ ಭಾರತೀಯನೂ ಒಂದು ದಿನ ನನ್ನ ಅಂಗಡಿಗೆ ಬರಲೇಬೇಕು, ತೂಕದ ಯಂತ್ರವನ್ನು ಅನುಮಾನದಿಂದ ನೋಡಲೇಬೇಕು, ಬೆಲೆ ಜಾಸ್ತಿ ಎನ್ನಲೇಬೇಕು. ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿದ ಆ ವರ್ಷ ಬೀದಿಯ ಒಡವೆ ಅಂಗಡಿ, ಸೀರೆ ಅಂಗಡಿಗಳೆಲ್ಲ ಮಲಗಿದವು. ನನ್ನದು ಎದ್ದು ಕೂತಿತು. ಯಾಕೆಂದರೆ ರಜೆಗೆ ಹೋಗುವವನು ಎರಡು ಪೆಟ್ಟಿಗೆ ಕೊಳ್ಳುತ್ತಾನೆ, ಕೆಲಸ ಹೋಗಿ ಮನೆ ಖಾಲಿ ಮಾಡಿ ಹೊರಟವನು ಅರ್ಧ ಡಜನ್ ಕೊಳ್ಳುತ್ತಾನೆ. ಸಂತೋಷಪಡುವ ಲಾಭವಲ್ಲ ಅದು. ಅವರು ಬಾಯಿ ಬಿಡುವ ಮೊದಲೇ ನಾನೇ ಬೆಲೆ ಇಳಿಸಿ ಹೇಳುತ್ತಿದ್ದೆ, ನಸೀಮಾ ಕೌಂಟರಿನ ಹಿಂದೆ ನನ್ನ ಕಾಲು ತುಳಿಯುತ್ತಿದ್ದಳು.

ಒಂದು ಭಾನುವಾರ ನಾಗರಾಜನೂ ಬಂದ. ಮಂಡ್ಯದ ಕಡೆಯವನು, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಮನೆ, ನ್ಯೂಯಾರ್ಕಿನಲ್ಲಿ ಬ್ಯಾಂಕಿನ ಕೆಲಸ. ಇದ್ದದ್ದು, ಎನ್ನಬೇಕು. ಅದು ಹೋಗಿ, ಪೆನ್ಸಿಲ್ವೇನಿಯಾ ಗಡಿಯ ಹತ್ತಿರ ತಾತ್ಕಾಲಿಕವಾಗಿ ಏನೋ ಹಿಡಿದಿದ್ದ. ದೊಡ್ಡ ಪೆಟ್ಟಿಗೆಯೊಂದರ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ನಿಂತು, "ಇಂಥವು ಆರು ಒಂದು ಕಡೆ ಎತ್ತಿಟ್ಟಿರು ಪಾಷಾ, ಬೇಕಾದ್ರೆ ಹೇಳ್ತೀನಿ," ಎಂದ. ಬೆಲೆ ಕೇಳಲಿಲ್ಲ. ಅವನು ಬೆಲೆ ಕೇಳದೆ ಒಂದು ಬಾಚಣಿಗೆಯನ್ನೂ ಕೊಂಡವನಲ್ಲ.

ಇರಲಿ, ಪೇಟಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ವಿದ್ಯಾಭ್ಯಾಸದ ವಿಷಯ ಹೇಳಬೇಕು.

ಆ ವರ್ಷವೇ ನಾನು ಸಿಟಿಜನ್ ಆದದ್ದು. ಪರೀಕ್ಷೆಗೆ ಅಮೆರಿಕದ ಇತಿಹಾಸ, ಸಂವಿಧಾನ ಓದಬೇಕು. ಸೂಟ್‌ಕೇಸುಗಳ ನಡುವೆ ಸ್ಟೂಲು ಹಾಕಿಕೊಂಡು ನಾನು ಕೂರುವುದು, ಎಂಟನೇ ಕ್ಲಾಸಿನ ಮಗಳು ಸನಾ ಎದುರಿನ ಸ್ಟೂಲಿನಿಂದ ಪ್ರಶ್ನೆ ಕೇಳುವುದು. ನಾನು ಕನ್ನಡದಲ್ಲಿ ಉತ್ತರಿಸಿದರೆ ಅವಳು ಇಂಗ್ಲಿಷಿನಲ್ಲಿ ಬಯ್ಯುತ್ತಿದ್ದಳು. ಮೊದಲು ಬೇಸರವಾಯಿತು. ಸಂವಿಧಾನ ಎಂದರೆ ದೇವಲೋಕದಿಂದ ಇಳಿದವರು ಗಂಭೀರವಾಗಿ ಕೂತು ಬರೆದದ್ದು ಎಂದುಕೊಂಡಿದ್ದೆ. ಸನಾ ತನ್ನ ಶಾಲೆಯ ಪುಸ್ತಕದಿಂದ ಒಳಗಿನ ಕಥೆ ಹೇಳಿದಾಗ ನನಗೆ ಪರಿಚಿತ ವಾಸನೆ ಹೊಡೆಯಿತು. ಫಿಲಡೆಲ್ಫಿಯಾದ ಬೇಸಿಗೆ, ಕಿಟಕಿಗಳೆಲ್ಲ ಬಂದ್, ಒಳಗೆ ತಿಂಗಳುಗಟ್ಟಲೆ ಚೌಕಾಸಿ! ಜನಸಂಖ್ಯೆಯ ಪ್ರಕಾರ ಓಟು ಕೊಡಿ ಎಂದು ದೊಡ್ಡ ರಾಜ್ಯಗಳು. ಅದೆಲ್ಲ ಆಗುವುದಿಲ್ಲ, ರಾಜ್ಯಕ್ಕೆ ಒಂದೊಂದು ಎಂದು ಚಿಕ್ಕವು. ಚಿಕ್ಕವರ ಪರವಾಗಿ ಪಟ್ಟು ಹಿಡಿದು ಕೂತವರು ಯಾರು? ನಮ್ಮ ನ್ಯೂಜೆರ್ಸಿಯವರು. ಕೊನೆಗೆ ಒಂದು ಸಭೆ ಹಾಗೆ, ಒಂದು ಸಭೆ ಹೀಗೆ ಎಂದು ತೀರ್ಮಾನ. ದೊಡ್ಡ ಪೆಟ್ಟಿಗೆಯೊಳಗೆ ಚಿಕ್ಕದನ್ನಿಟ್ಟು ಜೋಡಿಯಾಗಿ ಮಾರುವುದಿಲ್ಲವೇ ನಾವು, ಹಾಗೆ. ಇವರು ನಮ್ಮವರೇ, ಎಂದೆ ಮಗಳಿಗೆ. ಅವಳು ಕಣ್ಣು ಮೇಲೆ ಮಾಡಿದಳು.

ಇನ್ನೊಂದು ಸಂಗತಿ. ಮೊದಲ ಅಧ್ಯಕ್ಷರನ್ನು ಏನೆಂದು ಕರೆಯಬೇಕು ಎಂದೂ ಚರ್ಚೆಯಾಯಿತಂತೆ. ಹೈನೆಸ್ ಎಂದು ಕರೆಯೋಣ ಎಂದರು ಕೆಲವರು. ಕೊನೆಗೆ ಬರಿಯ ಮಿಸ್ಟರ್ ಸಾಕು ಎಂದು ಬಿಟ್ಟರು. ನನಗೆ ಮರುಕ ಬಂತು. ಯುದ್ಧ ಗೆದ್ದ ಮನುಷ್ಯ, ತಲೆಯ ಮೇಲೊಂದು ಪೇಟವನ್ನಾದರೂ ಇಡಬಾರದೇ ಎಂದೆ. "ಅಬ್ಬಾ, ದಟ್ಸ್ ದ ಹೋಲ್ ಪಾಯಿಂಟ್," ಎಂದಳು ಸನಾ.

ಚೌಕಾಸಿಯ ಕಥೆ ಕೇಳುತ್ತ ಕೇಳುತ್ತ ಒಂದು ಕಡೆ ನನ್ನ ನಗು ನಿಂತಿತು. ಗುಲಾಮರಾಗಿದ್ದ ಕಪ್ಪು ಜನರನ್ನು ಐದರಲ್ಲಿ ಮೂರು ಪಾಲು ಎಂದು ಲೆಕ್ಕಕ್ಕೆ ಹಿಡಿಯಲು ಒಪ್ಪಿಕೊಂಡರಂತೆ, ಅದೂ ಯಜಮಾನರ ರಾಜ್ಯಗಳ ಬಲ ಹೆಚ್ಚಲಿ ಎಂದು. ಸ್ವಾತಂತ್ರ್ಯ, ಸಮಾನತೆ ಎಂದು ಬರೆದ ಕೈಗಳೇ ಇದಕ್ಕೂ ರುಜು ಹಾಕಿದವು. ವ್ಯಾಪಾರಿಯಾದ ನನಗೆ ಇದು ಹೇಗಾಯಿತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಕೋಣೆಯೊಳಗೆ ಇಲ್ಲದವನ ಜೇಬಿನಿಂದ ಕೊಡುವುದಾದರೆ ಎಂಥ ಜಿಪುಣರೂ ಬೇಗ ರಾಜಿಯಾಗುತ್ತಾರೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ವ್ಯಾನು. ನಮ್ಮ ಟೌನ್‌ಶಿಪ್, ಅಂದರೆ ಇಲ್ಲಿಯ ಪುರಸಭೆ, ಹೆಸರು ಬೇಡ, ಅಂಗಡಿಯಿಂದ ತುಸು ದೂರ, ಒಂದು ಬಿಳಿ ವ್ಯಾನು ಓಡಿಸುತ್ತದೆ. ನಮ್ಮ ಬೀದಿಗಳ ಮೂಲೆಯಿಂದ ಜನರನ್ನು ಹತ್ತಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಡುವುದು, ಸಂಜೆ ವಾಪಸು ತರುವುದು, ಮಧ್ಯಾಹ್ನ ಪೇಟೆ ಕಡೆ ಒಂದು ಸುತ್ತು. ನಾಗರಾಜನ ಹೆಂಡತಿ ಗಿರಿಜಾ ನ್ಯೂಅರ್ಕ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕೆಲವು ತಿಂಗಳಿಂದ ಅವಳು ಕಾರು ಬಿಟ್ಟು ವ್ಯಾನು ಹತ್ತುತ್ತಿದ್ದಳು. ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ಕೇಳಿದ್ದಕ್ಕೆ, ಪರಿಸರದ ಬಗ್ಗೆ ನಾವೆಲ್ಲ ಸ್ವಲ್ಪ ಯೋಚಿಸಬೇಕಲ್ವಾ, ಎಂದಿದ್ದಳು. ಪಂಕ್ತಿಯಲ್ಲಿದ್ದ ಶಶಿಕಲಾ ಎಂಬುವರು, ಎರಡು ಗ್ಯಾರೇಜಿನ ಮನೆ, ಕೂಟದಲ್ಲಿ ಯಾರ ಮನೆಯಲ್ಲಿ ಏನಾಯಿತೆಂದು ಮೊದಲು ತಿಳಿಯುವವರು, ಹೌದು ಹೌದು, ನಾನೂ ಆದಷ್ಟು ನಡೆದೇ ಹೋಗ್ತೀನಿ, ಪರಿಸರ ಮುಖ್ಯ, ಎಂದರು. ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, ಎಂಥ ಜನ, ಎಂದುಕೊಂಡೆ.

ಒಂದು ಸಂಜೆ ಗಿರಿಜಾ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ಎದುರಿನ ಚಹಾ ಆರಿಹೋಗಿತ್ತು. ಬಜೆಟ್ಟಿನಲ್ಲಿ ದುಡ್ಡಿಲ್ಲ, ವ್ಯಾನು ನಿಲ್ಲಿಸುತ್ತಾರಂತೆ, ಮಂಗಳವಾರ ಕೌನ್ಸಿಲ್ ಸಭೆಯಲ್ಲಿ ತೀರ್ಮಾನ. ನಡೆಯಿರಿ ಗಿರಿಜಾ, ಪರಿಸರಕ್ಕೆ ಇನ್ನೂ ಒಳ್ಳೆಯದು, ಎಂದು ನಾನು ತಮಾಷೆ ಮಾಡಿದೆ. ನಸೀಮಾ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವಳಿಗೆ ಮೊದಲೇ ಗೊತ್ತಿತ್ತು. ಗಿರಿಜಾಳ ಮನೆಯವರು ಕಂತು ಕಟ್ಟಲಾಗದೆ ಎರಡನೆಯ ಕಾರನ್ನು ವಾಪಸು ಕೊಟ್ಟು ಬಹಳ ದಿನಗಳಾಗಿದ್ದವು. ಉಳಿದ ಒಂದನ್ನು ನಾಗರಾಜ ನಸುಕಿನಲ್ಲೇ ತೆಗೆದುಕೊಂಡು ಹೋಗುತ್ತಿದ್ದ. ಅವನ ತಾತ್ಕಾಲಿಕ ಕೆಲಸಕ್ಕೆ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸ್ ಇಲ್ಲ. ಇಡೀ ಮನೆಯ ಇನ್ಶೂರೆನ್ಸ್ ನಿಂತದ್ದು ಗಿರಿಜಾಳ ಕೆಲಸದ ಮೇಲೆ, ಗಿರಿಜಾಳ ಕೆಲಸ ನಿಂತದ್ದು ಆ ವ್ಯಾನಿನ ಮೇಲೆ. ನಾನು ಎತ್ತಿಟ್ಟ ಆರು ಪೆಟ್ಟಿಗೆ ಕಣ್ಣ ಮುಂದೆ ಬಂದವು.

"ಯಾರಿಗೂ ಹೇಳ್ಬೇಡಿ ಅಣ್ಣ," ಎಂದಳು ಗಿರಿಜಾ. "ನಿಮ್ಮ ಹತ್ರ ಹೇಳ್ಕೊಂಡೆ ಅಂತ ಗೊತ್ತಾದ್ರೂ ನಮ್ಮನೆಯವ್ರು ಬೇಜಾರು ಮಾಡ್ಕೋತಾರೆ. ಕೂಟದವ್ರ ಬಾಯಿಗೆ ಬಿದ್ರಂತೂ ಮುಗೀತು."

"ನೀವು ಬರಲೂ ಬೇಡಿ, ಮಾತಾಡಲೂ ಬೇಡಿ," ಎಂದೆ. "ಮೇಯರ್ ತಲೆ ನನಗೆ ಬಿಡಿ."

ತಲೆ ಎಂದು ಬಾಯಿಂದ ಬಂದದ್ದೇ ತಡ, ಕ್ಲಾಸೆಟ್ಟಿನಲ್ಲಿದ್ದ ಪೇಟ ನೆನಪಾಯಿತು.

ನೀವು ನಗಬೇಡಿ. ನನ್ನದು ಅನುಭವದ ಮೇಲೆ ಹಾಕಿದ ಯೋಜನೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಗೆ ಹೊಸ ಅಧಿಕಾರಿಯೊಬ್ಬರು ಬಂದು, ಅಂಗಡಿಗಳ ಮುಂದೆ ರಸ್ತೆಗೆ ಚಾಚಿದ ಸಾಮಾನೆಲ್ಲ ತೆಗೆಯಬೇಕು ಎಂದರು. ಅಬ್ಬಾನ ಟ್ರಂಕುಗಳು ಅರ್ಧ ರಸ್ತೆಯಲ್ಲಿದ್ದವು, ನಿಜ. ವರ್ತಕರು ಗಲಾಟೆ ಮಾಡಲಿಲ್ಲ. ಶಾಮಿಯಾನ ಹಾಕಿಸಿ ಅಧಿಕಾರಿಗೆ ಸನ್ಮಾನ ಮಾಡಿದರು. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಅವರನ್ನು ಸೂರ್ಯನಿಗೆ ಹೋಲಿಸುವ ಮಾನಪತ್ರ. ಆಮೇಲೆ ಟ್ರಂಕುಗಳನ್ನು ಮುಟ್ಟಲು ಯಾರೂ ಬರಲಿಲ್ಲ. ಪೇಟ ಹಾಕಿಸಿಕೊಳ್ಳಲು ಒಂದು ಸಲ ನಮ್ಮ ಮುಂದೆ ತಲೆ ಬಗ್ಗಿಸಿದವನಿಗೆ ನಮ್ಮನ್ನು ಎಬ್ಬಿಸಲು ಬಾಯಿ ಬರುವುದಿಲ್ಲ ಎಂದು ಅಬ್ಬಾ ಹೇಳುತ್ತಿದ್ದರು. ಅಧಿಕಾರಿಗಳು ವರ್ಗವಾದಾಗಲೆಲ್ಲ ಹೊಸಬರಿಗೆ ಹೊಸ ಪೇಟ. ಬಾಡಿಗೆ, ಕರೆಂಟು, ಪೇಟ, ಇಷ್ಟೂ ಅಂಗಡಿಯ ಖರ್ಚು.

ಸನಾಗೆ ಯೋಜನೆ ಹೇಳಿದೆ. "ದಟ್ಸ್ ಎ ಬ್ರೈಬ್, ಅಬ್ಬಾ," ಎಂದಳು. ಲಂಚ ಅಲ್ಲಮ್ಮ, ಮರ್ಯಾದೆ, ಎಂದೆ. ಅವಳು ಪುಸ್ತಕ ತಂದು, ಪದವಿಯಲ್ಲಿರುವವರು ಹೊರಗಿನ ರಾಜರಿಂದ ಉಡುಗೊರೆ, ಬಿರುದು ತೆಗೆದುಕೊಳ್ಳಬಾರದು ಎಂದು ಸಂವಿಧಾನದಲ್ಲೇ ಇದೆ ಎಂದು ತೋರಿಸಿದಳು. ನಾನು ರಾಜನಲ್ಲ, ಪೆಟ್ಟಿಗೆ ವ್ಯಾಪಾರಿ ಎಂದೆ. ಹೋಗಿ ಮೂರು ನಿಮಿಷ ಮಾತಾಡಬಹುದು, ಏನು ಬೇಕೋ ಅದನ್ನು ಹೇಳಿ ಕೂತುಕೊಳ್ಳಿ, ಎಂಬುದು ಅವಳ ಸಲಹೆ. ಏನು ಬೇಕೋ ಅದನ್ನು ನೇರವಾಗಿ ಕೇಳುವುದೇ? ವ್ಯಾಪಾರದ ಗಂಧ ಇಲ್ಲದ ಮಕ್ಕಳು.

ಮಂಗಳವಾರ ಸಂಜೆ ಏಳೂವರೆಗೆ ಕೋಟು ಹಾಕಿಕೊಂಡು, ಪೇಟದ ಡಬ್ಬಿ ಹಿಡಿದು ಟೌನ್ ಹಾಲಿಗೆ ಹೋದೆ. ಹಿಂದೆ ನಸೀಮಾ ಬಾಳೆಹಣ್ಣು, ಸೇಬು, ಕಿತ್ತಳೆ ತುಂಬಿದ ದೊಡ್ಡ ತಟ್ಟೆ ಹಿಡಿದು, ನನಗೂ ಈ ಮನುಷ್ಯನಿಗೂ ಸಂಬಂಧವಿಲ್ಲ ಎಂಬಂತೆ ಮೂರು ಹೆಜ್ಜೆ ಬಿಟ್ಟು ಬಂದಳು. ನಾನು ಅರಮನೆಯನ್ನಲ್ಲದಿದ್ದರೂ ತಾಲ್ಲೂಕು ಕಚೇರಿಯಷ್ಟಾದರೂ ಗತ್ತನ್ನು ನಿರೀಕ್ಷಿಸಿದ್ದೆ. ಮಡಚುವ ಕುರ್ಚಿಗಳು, ಮೂಲೆಯಲ್ಲಿ ಬಾವುಟ, ಕಾಗದದ ಲೋಟದಲ್ಲಿ ಕಾಫಿ. ಎತ್ತರದ ಮೇಜಿನ ಹಿಂದೆ ಕೌನ್ಸಿಲಿನವರು, ನಡುವೆ ಮೇಯರ್. ಶಾಲೆಯ ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು ಎಂದು ಕೇಳಿದ್ದೆ. ಅವರ ತಲೆ ನೋಡಿದ್ದೇ ನನಗೆ ರೋಮಾಂಚನವಾಯಿತು. ಪಕ್ಷ ಬದಲಿಸಿದ ಆ ರಾಜಕಾರಣಿಯ ತಲೆ ಇದಕ್ಕಿಂತ ಒಂದು ನೂಲು ಹೆಚ್ಚೂ ಇರಲಾರದು, ಕಡಿಮೆಯೂ ಇರಲಾರದು.

ನನಗಿಂತ ಮೊದಲು ಒಬ್ಬ ಮೈಕಿನ ಮುಂದೆ ನಿಂತ. ಪಕ್ಕದ ಮನೆಯವನು ಎಲೆ ಗುಡಿಸುವ ಯಂತ್ರವನ್ನು ಬೆಳಿಗ್ಗೆ ಬೆಳಿಗ್ಗೆ ಗುರ್ ಎನಿಸುತ್ತಾನೆ, ನೀವು ಏನೂ ಮಾಡುತ್ತಿಲ್ಲ, ನಿಮಗೆ ಓಟು ಹಾಕಿದ್ದೇ ನನ್ನ ತಪ್ಪು, ಎಂದು ಮೇಯರ್ ಮುಖಕ್ಕೇ ಹೇಳಿದ. ಮೇಯರ್ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿಸಿಕೊಂಡರು. ಮೈಕಿನ ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ದೀಪ ಹೋಗಿ ಹಳದಿ ಬಂತು, ಹಳದಿ ಹೋಗಿ ಕೆಂಪು ಬಂತು, ಟಿಣ್ ಎಂದಿತು. ಅವನ ವಾಕ್ಯ ಅರ್ಧದಲ್ಲಿತ್ತು. ಥ್ಯಾಂಕ್ಯೂ ಸರ್, ಎಂದರು ಮೇಯರ್. ಅವನು ಹೋಗಿ ಕೂತ. ಇಷ್ಟು ಬಯ್ದವನನ್ನು ಯಾರೂ ಹೊರಗೆ ಹಾಕಲಿಲ್ಲ, ಅವನ ವಾಕ್ಯ ಮುಗಿಸಲೂ ಬಿಡಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಆಶ್ಚರ್ಯ ಎಂದು ತಿಳಿಯದೆ ನಾನು ಮಡಿಲಿನ ಡಬ್ಬಿಯನ್ನು ಸರಿಮಾಡಿಕೊಂಡೆ.

ನನ್ನ ಸರದಿ ಬಂತು. ಹೆಸರು, ವಿಳಾಸ ಹೇಳಿದೆ. ಹಸಿರು ದೀಪ. ಮೈಸೂರು ಎಂಬ ಊರು, ಅದರ ಅರಮನೆ, ಅದರ ರಾಜರು, ದೊಡ್ಡವರಿಗೆ ಪೇಟ ತೊಡಿಸುವ ನಮ್ಮ ಪದ್ಧತಿ, ಎಲ್ಲ ಚೆನ್ನಾಗಿಯೇ ಹೇಳಿದೆ. ಸಭೆಯಲ್ಲಿ ಮೆಚ್ಚುಗೆಯ ಸದ್ದಾಯಿತು. ಡಬ್ಬಿ ತೆರೆದು ಪೇಟ ಎತ್ತಿದೆ, ಟ್ಯೂಬ್‌ಲೈಟಿಗೆ ಜರಿ ಮಿಂಚಿತು. ಮೇಜಿನ ಹತ್ತಿರ ಹೋದೆ. ಮೇಯರ್ ಒಳ್ಳೆಯ ಮನುಷ್ಯ, ಎದ್ದು ನಿಂತು, ಸ್ವಲ್ಪ ನಾಚಿಕೊಂಡು, ತಲೆ ಬಗ್ಗಿಸಿದರು. ಅಬ್ಬಾ ನೆನಪಾದರು. ಇನ್ನು ಎರಡು ಇಂಚು.

ಆಗ ಮೇಜಿನ ತುದಿಯಲ್ಲಿ ಕೂತಿದ್ದ ಟೌನ್‌ಶಿಪ್ಪಿನ ವಕೀಲೆ ಕೈ ಮುಂದೆ ಚಾಚಿ, ದಯವಿಟ್ಟು ನಿಲ್ಲಿಸಿ ಎಂದರು. ತೆಳ್ಳಗಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಅದರ ಬೆಲೆ ಎಷ್ಟು ಎಂದು ಕೇಳಿದರು. ಪದವಿಯಲ್ಲಿರುವವರು ಇಂತಿಷ್ಟಕ್ಕಿಂತ ಹೆಚ್ಚಿನ ಉಡುಗೊರೆ ಮುಟ್ಟುವಂತಿಲ್ಲವಂತೆ.

ಬೆಲೆ ಎಷ್ಟು! ಈ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಬಾರದು. ಕುಡಿದವನ ಮುಂದೆ ಬಾಟಲಿ ಇಟ್ಟಂತೆ ಅದು. ತ್ರೀ ಫಿಫ್ಟಿ, ಎಂದೆ ಎದೆಯುಬ್ಬಿಸಿ. ಸಭೆ ಉಸಿರು ಎಳೆದುಕೊಂಡಿತು. ಮೇಯರ್ ಕುರ್ಚಿಗೆ ಕುಸಿದರು. ಡಾಲರ್ ಅಲ್ಲ, ರೂಪಾಯಿ, ಎಂದು ಸರಿಪಡಿಸಿದೆ. ಡಾಲರಿನಲ್ಲಿ ಎಷ್ಟಾಯಿತು ಎಂದರು ವಕೀಲೆ. ಲೆಕ್ಕ ಹೇಳಿದೆ. ಇಷ್ಟು ಜರಿ ಇರುವ ವಸ್ತು ಅಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಎಂದು ಅವರು ಅನುಮಾನಪಟ್ಟರು. ಈ ಒಂದು ಮಾತು ನನ್ನನ್ನು ಕೆಡಿಸಿತು. ಎಂಟುನೂರು ಕೇಳಿದ್ದು, ನಾನು ಎರಡು ಸಲ ಅಂಗಡಿಯಿಂದ ಎದ್ದು ಹೋದಂತೆ ನಟಿಸಿದ್ದು, ರಾಜಕಾರಣಿ ಪಕ್ಷ ಬದಲಿಸಿದ್ದು, ಶಾಲು ಪುಕ್ಕಟೆ ಬಂದದ್ದು, ಎಲ್ಲವನ್ನೂ ಹೇಳಿದೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಎಲೆ ಯಂತ್ರದವನು ಚಪ್ಪಾಳೆ ತಟ್ಟಿದ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ಎಲ್ಲೋ ಹಳದಿ ಬೆಳಕು ಕಂಡಂತಾಯಿತು, ಜರಿಯ ಮಿಂಚು ಎಂದುಕೊಂಡೆ.

ಟಿಣ್.

ಥ್ಯಾಂಕ್ಯೂ ಸರ್, ಎಂದರು ಮೇಯರ್. ವ್ಯಾನು, ಎಂದೆ. ಸಮಯ ಮುಗಿಯಿತು ಸರ್, ಎಂದರು, ಮೊದಲಿನಷ್ಟೇ ಮೃದುವಾಗಿ. ಬಯ್ದವನಿಗೆ ಎಷ್ಟೋ, ಪೇಟ ತಂದವನಿಗೂ ಅಷ್ಟೇ. ಮೂರು ನಿಮಿಷದ ಮೇಲೆ ಒಂದು ಕ್ಷಣ ಯಾರಿಗೂ ಇಲ್ಲ.

ಬಂದು ಕೂತೆ. ಮಡಿಲಲ್ಲಿ ಪೇಟ. ನಸೀಮಾ ನನ್ನ ಕಡೆ ತಿರುಗದೆಯೇ ಹೇಳಿದಳು, "ಪೇಟದ ರೇಟು ಊರಿಗೆಲ್ಲ ಗೊತ್ತಾಯ್ತು. ವ್ಯಾನಿಂದು?"

ಮಾತಾಡುವವರು ಇನ್ನು ಯಾರಾದರೂ ಇದ್ದಾರೆಯೇ ಎಂದು ಮೇಯರ್ ಕೇಳಿದರು. ಯಾರೂ ಏಳಲಿಲ್ಲ. ಹಾಗಾದರೆ ಸಾರ್ವಜನಿಕರ ಭಾಗ ಮುಗಿಸೋಣ ಎಂದು ಅವರು ಮೇಜು ಕುಟ್ಟುವ ಮರದ ಸುತ್ತಿಗೆಗೆ ಕೈ ಹಾಕಿದಾಗ ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಗಿರಿಜಾ. ಬರಬೇಡಿ ಎಂದಿದ್ದರೂ ಬಂದಿದ್ದಳು, ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಅವಳಿಗೂ ಮೈಕಿಗೂ ನಡುವಿನ ಸಾಲಿನಲ್ಲಿ ಯಾರು ಕೂತಿದ್ದರು ಗೊತ್ತೇ? ಶಶಿಕಲಾ. ಗಿರಿಜಾ ಅವರನ್ನು ನೋಡಿದಳು, ನನ್ನ ಮಡಿಲಿನ ಪೇಟವನ್ನು ನೋಡಿದಳು, ಮೈಕಿನ ಹತ್ತಿರ ಹೋಗಿ ಹೆಸರು, ವಿಳಾಸ ಹೇಳಿದಳು.

ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಅದು ಅವಳ ಕನ್ನಡದಲ್ಲೇ ಉಳಿದಿದೆ.

"ನಾನು ವ್ಯಾನ್ ಹತ್ತೋದು ಪರಿಸರಕ್ಕೋಸ್ಕರ ಅಲ್ಲ. ನಮ್ಮನೇಲಿ ಈಗ ಒಂದೇ ಕಾರು. ಅದನ್ನ ನಮ್ಮನೆಯವ್ರು ಬೆಳಕು ಹರಿಯೋಕೆ ಮುಂಚೆ ತಗೊಂಡು ಹೋಗ್ತಾರೆ. ವ್ಯಾನ್ ನಿಂತ್ರೆ ನನ್ನ ಕೆಲಸ ನಿಲ್ಲತ್ತೆ. ಕೆಲಸ ನಿಂತ್ರೆ ನಾವು ಈ ಊರಲ್ಲಿ ಇರಕ್ಕಾಗಲ್ಲ."

ಅಷ್ಟೇ. ದೀಪ ಇನ್ನೂ ಹಸಿರಾಗಿಯೇ ಇತ್ತು. ಉಳಿದ ಸಮಯವನ್ನು ಏನು ಮಾಡುವುದೆಂದು ತಿಳಿಯದೆ ಅವಳು ಮೈಕಿನ ಮುಂದೆ ಸುಮ್ಮನೆ ನಿಂತಳು. ನಾನು ಮೂರು ನಿಮಿಷ ತುಂಬಿಸಿ ಏನೂ ಹೇಳಿರಲಿಲ್ಲ. ಅವಳು ಹೇಳಿ ಮುಗಿಸಿ ಉಳಿಸಿದ್ದಳು.

ಮೇಯರ್ ಗಲ್ಲದಿಂದ ಕೈ ತೆಗೆದರು. ವ್ಯಾನನ್ನೇ ನಂಬಿರುವವರು ಬೇರೆ ಯಾರಾದರೂ ಇಲ್ಲಿದ್ದೀರಾ ಎಂದು ಕೇಳಿದರು. ಪ್ರಿನ್ಸ್‌ಟನ್ ಕಡೆ ಕೆಲಸಕ್ಕೆ ಹೋಗುವ, ಟೈ ಕಟ್ಟಿದ ಒಬ್ಬ ಕೈ ಎತ್ತಿದ. ಅವನ ಹಿಂದೆ ಒಬ್ಬಳು ನರ್ಸು. ಆಮೇಲೆ ನಿಧಾನವಾಗಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, ಶಶಿಕಲಾ ಎದ್ದರು. ತಮ್ಮ ಎರಡನೆಯ ಕಾರೂ ಮಾರ್ಚಿನಲ್ಲೇ ಹೋಯಿತು, ಗಂಡನಿಗೆ ಅರ್ಧ ಸಂಬಳ, ತಾವೂ ವ್ಯಾನಿನಲ್ಲೇ, ಆದರೆ ಯಾರ ಕಣ್ಣಿಗೂ ಬೀಳದಂತೆ ಮುಂದಿನ ಮೂಲೆಯಲ್ಲಿ ಹತ್ತುತ್ತಾರಂತೆ. ಒಂದೇ ವ್ಯಾನಿನಲ್ಲಿ ಒಬ್ಬರು ಮುಂದಿನ ಟ್ರಿಪ್ಪು, ಒಬ್ಬರು ಹಿಂದಿನ ಟ್ರಿಪ್ಪು ಹಿಡಿದು ಒಬ್ಬರಿಂದೊಬ್ಬರು ತಪ್ಪಿಸಿಕೊಂಡು, ಹೋಳಿಗೆ ಪಂಕ್ತಿಯಲ್ಲಿ ಪರಿಸರ ಕಾಪಾಡುತ್ತಿದ್ದರು ಇಬ್ಬರೂ! ಗಿರಿಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗುವೋ ಅಳುವೋ ನನಗೆ ಕಾಣಿಸಲಿಲ್ಲ.

ಆಮೇಲೆ ನಡೆದದ್ದು ಅಪ್ಪಟ ಚೌಕಾಸಿ. ಮಧ್ಯಾಹ್ನದ ಸುತ್ತು ತೆಗೆದು, ಬೆಳಿಗ್ಗೆ ಸಂಜೆ ಮಾತ್ರ ಉಳಿಸಿದರೆ ಆಗಬಹುದೇ ಎಂದು ಮೇಯರ್ ಗಿರಿಜಾಳನ್ನೇ ಕೇಳಿದರು. ನಾನು ಕುರ್ಚಿಯಲ್ಲಿ ಕೂತೇ ಜೋರಾಗಿ ತಲೆಯಾಡಿಸಿದೆ, ಮೊದಲ ಬೆಲೆಗೆ ಒಪ್ಪಬೇಡ ಎಂದು. ಅವಳು ನನ್ನ ಕಡೆ ನೋಡಲೇ ಇಲ್ಲ. ನನ್ನ ರೈಲು ತಡವಾದ ದಿನ ಕೊನೆಯ ವ್ಯಾನು ಹೋಗಿಬಿಟ್ಟಿರುತ್ತದೆ, ಅದು ರೈಲು ಬರುವ ತನಕ ಕಾಯುವುದಾದರೆ ಮಧ್ಯಾಹ್ನದ್ದನ್ನು ಬಿಡುತ್ತೇವೆ, ಎಂದಳು. ತನಗೆ ಬೇಡದ್ದನ್ನು ಬಿಟ್ಟುಕೊಟ್ಟು ಬೇಕಾದ್ದನ್ನು ಎಳೆದುಕೊಂಡಳು! ಇಷ್ಟನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿದಿತ್ತು. ಕೌನ್ಸಿಲಿನವರು ಓಟು ಹಾಕಿದರು. ಒಂದೇ ಒಂದು ಓಟಿನಿಂದ ವ್ಯಾನು ಉಳಿಯಿತು.

ಸಭೆ ಮುಗಿದ ಮೇಲೆ ಹಣ್ಣನ್ನು ಎಲ್ಲರಿಗೂ ಹಂಚಿದೆವು. ವಕೀಲೆಯೂ ಒಂದು ಬಾಳೆಹಣ್ಣು ತೆಗೆದುಕೊಂಡರು, ಅದರ ಬೆಲೆ ಕೇಳಿದ ಮೇಲೆಯೇ. ಪಾರ್ಕಿಂಗ್ ಲಾಟಿನಲ್ಲಿ ಮೇಯರ್ ನನ್ನ ಹತ್ತಿರ ಬಂದು, ಸುಮ್ಮನೆ ಒಂದು ಸಲ ಇಟ್ಟು ನೋಡಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನು ಡಬ್ಬಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ವಕೀಲೆ, ಅರ್ಧ ತಿಂದ ಬಾಳೆಹಣ್ಣು ಕೈಯಲ್ಲಿ. ಮೇಯರ್ ತಮ್ಮ ಬೋಳುತಲೆ ಸವರಿಕೊಂಡು ಕಾರು ಹತ್ತಿದರು. ಆಳುವವನ ತಲೆ ಬರಿದಾಗಿರಲಿ ಎಂದು ಇವರು ಇನ್ನೂರು ವರ್ಷದ ಹಿಂದೆ ಮಾಡಿದ ತೀರ್ಮಾನ ಒಬ್ಬ ಡ್ರಿಲ್ ಮೇಷ್ಟರ ತನಕ ಕಾಯ್ದುಕೊಂಡು ಬಂದಿದೆ. ನನ್ನ ಮಗಳು ಹೇಳಿದ ಪಾಯಿಂಟು ಇದೇ ಇರಬೇಕು.

ಮುಂದಿನ ಭಾನುವಾರ ನಾಗರಾಜ ಅಂಗಡಿಗೆ ಬಂದ. ಹೆಂಡತಿ ಮೈಕಿನಲ್ಲಿ ಮಾತಾಡಿದ್ದು ಅಷ್ಟರಲ್ಲಿ ಕೂಟಕ್ಕೆಲ್ಲ ಗೊತ್ತಾಗಿತ್ತು. ಬಯ್ಯಲು ಬಂದ ಎಂದುಕೊಂಡೆ. ಒಂದು ಪೆಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, "ಆ ಆರು ಪೆಟ್ಟಿಗೆ ಬೇರೆಯವ್ರಿಗೆ ಕೊಟ್ಬಿಡಯ್ಯ," ಎಂದು ಎದ್ದು ಹೋದ. ಒಮ್ಮೆಗೇ ಆರು ಪೆಟ್ಟಿಗೆಯ ವ್ಯಾಪಾರ ಕೈತಪ್ಪಿ ನಾನು ಅಷ್ಟು ಖುಷಿಪಟ್ಟದ್ದನ್ನು ನಸೀಮಾ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲವು ವಾರದ ಮೇಲೆ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಾಗ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಮುದುಕರು ಕೋಲು ಊರಿಕೊಂಡು ನಿಂತಿದ್ದರು. ವ್ಯಾನು ಕಾಯುತ್ತಿದ್ದೇನೆ, ಡಾಕ್ಟರ ಹತ್ತಿರ ಹೋಗಬೇಕು, ಎಂದರು. ಮಧ್ಯಾಹ್ನದ ವ್ಯಾನು ನಿಂತದ್ದು ಅವರಿಗೆ ಯಾರೂ ಹೇಳಿರಲಿಲ್ಲ. ಅವತ್ತು ನಾನೇ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವರು ನನಗೆ ಥ್ಯಾಂಕ್ಸ್ ಹೇಳುತ್ತಿದ್ದರು, ನನಗೆ ಫಿಲಡೆಲ್ಫಿಯಾದ ಮುಚ್ಚಿದ ಕಿಟಕಿಗಳು ನೆನಪಾಗುತ್ತಿದ್ದವು. ಆ ಗುಲಾಮರಿಗೆ ಬಿದ್ದ ಪೆಟ್ಟಿಗೂ ಈ ಪೆಟ್ಟಿಗೂ ಹೋಲಿಕೆಯೇ ಇಲ್ಲ, ನನಗೆ ಗೊತ್ತು. ಆದರೂ ನಮ್ಮ ಒಳ್ಳೆಯ ಚೌಕಾಸಿಯ ಬೆಲೆಯನ್ನು ತೆತ್ತವರು ಆ ಸಂಜೆ ಕೋಣೆಯಲ್ಲಿ ಇರಲಿಲ್ಲ. ಗಿರಿಜಾಳಿಗೆ ಹೇಳಿದೆ. "ನಾನೇ ಅಲ್ವಾ ಅಣ್ಣ ಬಿಟ್ಟುಕೊಟ್ಟಿದ್ದು," ಎಂದಳು.

ಈ ಮಂಗಳವಾರ ಮತ್ತೆ ಬಜೆಟ್ ಸಭೆ. ಮಧ್ಯಾಹ್ನದ ವ್ಯಾನನ್ನು ವಾಪಸು ಕೇಳಲು ಗಿರಿಜಾ ಮಾತಾಡುತ್ತಾಳೆ, ಶಶಿಕಲಾ ಬರುತ್ತಾರೆ, ಆ ಮುದುಕರನ್ನು ಕರೆತರುವುದು ನನ್ನ ಪಾಲು. ಆದ್ದರಿಂದ ನಿಮಗೂ ನನ್ನ ಸಲಹೆ, ಪುಕ್ಕಟೆ. ನಿಮ್ಮ ಊರಲ್ಲೂ ಇಂಥ ಸಭೆ ನಡೆಯುತ್ತಿರುತ್ತದೆ, ಹೋಗಿ. ಮುಂದಿನ ಸಾಲಿನಲ್ಲಿ ಕೂತರೆ ಹೆಸರು ಬೇಗ ಬರುತ್ತದೆ. ಮೈಕಿನ ಮುಂದೆ ಏನು ಬೇಕು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ, ನಮ್ಮ ಊರು, ಅರಮನೆ ಎಲ್ಲ ಆಮೇಲೆ. ಯಾರಾದರೂ ಬೆಲೆ ಕೇಳಿದರೆ ದೀಪದ ಕಡೆ ನೋಡಿ. ಅವರು ಏನನ್ನಾದರೂ ಬಿಟ್ಟುಕೊಡಿ ಎಂದರೆ, ಅದು ಯಾರದ್ದು ಎಂದು ಒಮ್ಮೆ ತಿರುಗಿ ನೋಡಿ ಆಮೇಲೆ ಹೂಂ ಎನ್ನಿ. ಪೇಟ, ಶಾಲು, ಹಾರ ಯಾವುದೂ ಬೇಡ, ಬಾಳೆಹಣ್ಣು ಬೇಕಾದರೆ ಸಭೆ ಮುಗಿದ ಮೇಲೆ.

ಬರಿಗೈಯಲ್ಲಿ ಹೋಗಿ. ಒಬ್ಬರೇ ಹೋಗಬೇಡಿ.